ಹಿತ್ತಿಲ ಕೋಳಿಯ ಬಣ್ಣವೂ ಬೆಣ್ಣೆ ಚಾವಡಿಯ ಪಾಠವೂ

ಮಂಡ್ಯವು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಸ್ವತಂತ್ರ ಜಿಲ್ಲೆಯಾದುದು ೧೯೩೯ರಲ್ಲಿ. ಆದರೆ ಈ ಸೀಮೆಯವರು ಸಾಕುಪ್ರಾಣಿಗಳ ಕುಲವನ್ನೂ ಗುಣವನ್ನೂ ಎಣಿಕೆಗೆ ತಂದುಕೊಂಡ ಚರಿತ್ರೆ ಅದಕ್ಕಿಂತ ಬಹು ಹಿಂದಿನದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ. ಶ. ೯೫೦ರ ಸುಮಾರಿನ ಶಾಸನವು ಕಾಳಿಯೆಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಮಡಿದುದನ್ನು ಹೇಳುತ್ತದೆ. ನಾಯಿಗೆ ಕಲ್ಲು ನಿಲ್ಲಿಸಿದ ನಾಡಿನಲ್ಲಿ ಕೋಳಿಯ ವಿಚಾರವನ್ನು ಬರೆಯುವುದು ಸಾಹಿತ್ಯಪತ್ರಿಕೆಗೆ ತಕ್ಕುದಲ್ಲವೆಂದು ವಾಚಕರು ಭಾವಿಸಲಾರರೆಂದು ನಂಬಿ, ಪ್ರಕೃತ ವಿಷಯಕ್ಕೆ ಬರುತ್ತೇನೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ಕಡೆಗಳಲ್ಲಿ ಹಿತ್ತಿಲಿನಲ್ಲಿ ನಾಲ್ಕಾರು ಕೋಳಿಗಳನ್ನಿಟ್ಟುಕೊಂಡು, ಇಂಥ ಬಣ್ಣದ ಗರಿ, ಇಂಥ ಬಣ್ಣದ ಮೊಟ್ಟೆ ಬರುವಂತೆ ತಳಿಯನ್ನು ತಿದ್ದಬೇಕೆಂಬ ಆಸೆ ಇತ್ತೀಚೆಗೆ ಕೆಲವು ವಿದ್ಯಾವಂತರ ಮನೆಗಳಲ್ಲಿ ಮೂಡಿದೆ. ಆಸೆ ಒಳ್ಳೆಯದೇ. ಆದರೆ ಕ್ರಮವರಿಯದ ಆಸೆ ಎರಡು ವರ್ಷಗಳಲ್ಲಿ ಬೇಸರಕ್ಕೆ ತಿರುಗುವುದು. ಅಷ್ಟರಲ್ಲಿ ಹಳೆಯ ತಳಿಯೂ ಕೆಟ್ಟಿರುವುದು. ಆದುದರಿಂದ ನಮ್ಮ ಹಿಂದಿನವರು ಈ ಬಗೆಯ ಕೆಲಸವನ್ನು ಹೇಗೆ ನಡೆಸಿದರೆಂಬುದನ್ನು ಮೊದಲು ನೋಡೋಣ.

ಕೋಳಿಯ ಬಣ್ಣಕ್ಕೆ ಬೆಲೆ ಕಟ್ಟುವ ಪದ್ಧತಿ ಕನ್ನಡನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಕುಕ್ಕುಟವಿನೋದಕ್ಕೂ ಎಡೆಯುಂಟು. ತುಳುನಾಡಿನ ಕೋಳಿ ಅಂಕದವರು ಕುಕ್ಕುಟ ಪಂಚಾಂಗವನ್ನು ನೋಡಿ, ಈ ದಿನ ಈ ಬಣ್ಣದ ಹುಂಜ ಗೆಲ್ಲುವುದೆಂದು ಲೆಕ್ಕ ಹಾಕುವರು. ನಮ್ಮ ಬಯಲುಸೀಮೆಯಲ್ಲಿ ಗ್ರಾಮದೇವತೆಗೆ ಹರಕೆ ಹೊತ್ತವರು ಕರಿಯ ಕೋಳಿಯನ್ನೋ ಕೆಂಪು ಹುಂಜವನ್ನೋ ಹುಡುಕಿಕೊಂಡು ಸಂತೆಯೆಲ್ಲ ಅಲೆಯುವುದು ಎಲ್ಲರೂ ಕಂಡದ್ದೇ. ಆದರೆ ಇಲ್ಲೆಲ್ಲ ನಡೆದುದು ಹುಟ್ಟಿದ ಬಣ್ಣವನ್ನು ಆರಿಸಿಕೊಳ್ಳುವ ಕೆಲಸ. ಬೇಕಾದ ಬಣ್ಣವನ್ನು ಹುಟ್ಟಿಸುವ ಯೋಜನೆಯಲ್ಲ.

ತಲೆಮಾರುಗಳ ಯೋಜನೆಯೆಂಬುದನ್ನು ಈ ಸೀಮೆಯಲ್ಲಿ ಕಾಣಬೇಕಾದರೆ ಕೋಳಿಯನ್ನು ಬಿಟ್ಟು ದನದ ಕಡೆ ತಿರುಗಬೇಕು. ಶ್ರೀರಂಗಪಟ್ಟಣದಿಂದ ಆಳಿದ ಮೈಸೂರು ಒಡೆಯರು ಹಳ್ಳಿಕಾರ್ ಮೊದಲಾದ ನಾಡತಳಿಗಳ ಹಸುಗಳನ್ನು ಕೂಡಿಸಿ, ಅವುಗಳ ಮೇವಿಗೆಂದು ರಾಜ್ಯದ ನಾನಾ ಕಡೆಗಳಲ್ಲಿ ಕಾವಲುಗಳನ್ನು ಬಿಟ್ಟಿದ್ದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (೧೬೭೨–೧೭೦೪) ಇದಕ್ಕೆ ಬೆಣ್ಣೆ ಚಾವಡಿಯೆಂಬ ಹೆಸರಾಯಿತು. ಅರಮನೆಗೆ ಹಾಲು ಬೆಣ್ಣೆಗಳನ್ನು ಒದಗಿಸುವುದು ಮೊದಲ ಉದ್ದೇಶ. ಹೈದರಾಲಿಯ ಕಾಲಕ್ಕೆ ಅದೇ ಹಸುಗಳ ಕರುಗಳು ಫಿರಂಗಿಯನ್ನೆಳೆಯುವ ಎತ್ತುಗಳಾದವು. ಟಿಪ್ಪೂ ಸುಲ್ತಾನನು ಈ ಇಲಾಖೆಗೆ ಅಮೃತ ಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆಯನ್ನು ಹೊರಡಿಸಿದನು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ದನಗಳೂ ಇಂಗ್ಲಿಷರ ಕೈಸೇರಿದವು.

ಇಲ್ಲಿ ಗಮನಿಸತಕ್ಕ ಸಂಗತಿ ಮುಂದಿನದು. ಈ ಮಂದೆಯಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ಎಂಬ ಮೂರು ಬಗೆಗಳು ಬಹುಕಾಲ ಬೇರೆ ಬೇರೆಯಾಗಿ ಉಳಿದುಬಂದಿದ್ದವು. ೧೮೬೦ರಲ್ಲಿ ಖರ್ಚು ಉಳಿಸುವ ನೆಪದಿಂದ ಮಂದೆಗಳನ್ನು ಮಾರಿಬಿಟ್ಟರು. ಆರೇ ವರ್ಷಗಳಲ್ಲಿ ತಪ್ಪು ಅರಿವಾಗಿ, ೧೮೬೬ರಲ್ಲಿ ಚೆದುರಿದ ದನಗಳನ್ನು ಮತ್ತೆ ಕೂಡಿಸಲು ತೊಡಗಬೇಕಾಯಿತು. ಹಸುಗಳು ದೊರೆತವು, ಆದರೆ ಮೂರು ಬಗೆಗಳ ಹಳೆಯ ಭೇದ ಮತ್ತೆ ಕೈಗೆ ಬರಲಿಲ್ಲ. ಎರಡು ಶತಮಾನಗಳಲ್ಲಿ ಕಟ್ಟಿದುದನ್ನು ಒಂದು ವರ್ಷದ ಹರಾಜು ಕಲಸಿಬಿಟ್ಟಿತು. ತಳಿಯೆಂಬುದು ಪ್ರಾಣಿಯ ಮೈಯಲ್ಲಿ ಮಾತ್ರ ಇರುವುದಲ್ಲ, ಅದನ್ನು ಬೇರೆಯಾಗಿ ಕಾಯುವವರ ನಿಯಮದಲ್ಲಿಯೂ ಇರುವುದು ಎಂಬುದೇ ಬೆಣ್ಣೆ ಚಾವಡಿಯ ಪಾಠ.

ಇನ್ನು ಕೋಳಿಯ ಬಣ್ಣದ ಶಾಸ್ತ್ರ. ಬಟಾಣಿ ಗಿಡಗಳಲ್ಲಿ ಮೆಂಡಲನು ಕಂಡ ಆನುವಂಶಿಕ ನಿಯಮವು ಪ್ರಾಣಿಗಳಿಗೂ ಸಲ್ಲುವುದೆಂಬುದನ್ನು ಇಂಗ್ಲೆಂಡಿನ ಬೇಟ್ಸನ್ ಪಂಡಿತನು ೧೯೦೨ರಲ್ಲಿ ಕೋಳಿಗಳ ಜುಟ್ಟಿನ ಆಕಾರದಿಂದಲೇ ತೋರಿಸಿದನು. ಆಂಡಲೂಸಿಯನ್ ಎಂಬ ನೀಲಿಬೂದು ಬಣ್ಣದ ಕೋಳಿಯ ಕಥೆ ಇನ್ನೂ ಬೋಧಪ್ರದವಾದುದು. ನೀಲಿಗೆ ನೀಲಿಯನ್ನೇ ಸೇರಿಸಿದರೂ ಮರಿಗಳಲ್ಲಿ ಸುಮಾರು ಅರ್ಧ ಮಾತ್ರ ನೀಲಿ; ಕಾಲುಭಾಗ ಕರಿ, ಕಾಲುಭಾಗ ಕಲೆಬಿದ್ದ ಬಿಳಿ. ಸಾಕುವವರು ಈ ಕರಿ ಬಿಳಿಗಳನ್ನು ಕುಲಗೆಟ್ಟವೆಂದು ತೆಗೆದುಹಾಕುತ್ತಿದ್ದರು. ಹಾಗೆ ತೆಗೆದುಹಾಕಿದ ಕರಿಗೂ ಬಿಳಿಗೂ ಜೊತೆ ಕಟ್ಟಿದರೆ ಹುಟ್ಟುವ ಮರಿಗಳೆಲ್ಲವೂ ನೀಲಿಯೇ ಎಂದು ತಿಳಿದಾಗ ಅವರಿಗಾದ ಆಶ್ಚರ್ಯ ಸಾಮಾನ್ಯವಲ್ಲ. ಹಾಗೆಯೇ ಪಟ್ಟೆಗರಿಯ ಹೇಟೆಯನ್ನು ಕರಿಯ ಹುಂಜಕ್ಕೆ ಸೇರಿಸಿದರೆ ಗಂಡುಮರಿಗಳೆಲ್ಲ ಪಟ್ಟೆಯವು, ಹೆಣ್ಣುಮರಿಗಳೆಲ್ಲ ಕರಿಯವು. ಕಣ್ಣಿಗೆ ಕಾಣುವ ಬಣ್ಣವೇ ಬೇರೆ, ಒಳಗೆ ಹುದುಗಿರುವ ಬೀಜವೇ ಬೇರೆ.

ಈ ಬೀಜದಲ್ಲಿ ನಮ್ಮ ಕಾಡಿನ ಪಾಲೂ ಉಂಟು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿಯೆಂಬುದು ಪ್ರಸಿದ್ಧ. ಆದರೆ ಲೋಕದ ಅನೇಕ ಕೋಳಿಗಳ ಹಳದಿ ಕಾಲಿಗೂ ಚರ್ಮಕ್ಕೂ ಕಾರಣವಾದ ಅಂಶವು ಬೂದು ಕಾಡುಕೋಳಿಯಿಂದ ಬಂದುದೆಂದು ೨೦೦೮ರಲ್ಲಿ ವಿಜ್ಞಾನಿಗಳು ಸ್ಥಾಪಿಸಿದರು. ಆ ಬೂದು ಕಾಡುಕೋಳಿ ಭರತಖಂಡದ್ದೇ. ಕಾವೇರಿ ಹುಟ್ಟುವ ಕೊಡಗಿನ ಕಾಡುಗಳಲ್ಲಿ ಅದರ ಕೂಗು ಇಂದಿಗೂ ಕೇಳಿಬರುವುದು.

ಮೊಟ್ಟೆಯ ಬಣ್ಣದ ಲೆಕ್ಕ ಇನ್ನೂ ಸೂಕ್ಷ್ಮ. ಚಿಪ್ಪಿಗೆ ಬಣ್ಣಕೊಡುವ ದ್ರವ್ಯಗಳು ಮುಖ್ಯವಾಗಿ ಎರಡು: ಒಂದು ಕಂದು, ಒಂದು ನೀಲಿ. ನೀಲಿಯು ಒಂದೇ ಪ್ರಬಲ ಅಂಶದಿಂದ ಬರುವುದೆಂದು ಪನ್ನೆಟ್ ಪಂಡಿತನು ೧೯೩೩ರಲ್ಲಿ ತಿಳಿಸಿದನು. ಒಂದು ಬಗೆಯ ಪುರಾತನ ವಿಷಾಣು ಕೋಳಿಯ ವಂಶಬೀಜದಲ್ಲಿ ಹೊಕ್ಕುದೇ ಅದಕ್ಕೆ ಮೂಲವೆಂದು ೨೦೧೩ರಲ್ಲಿ ಗೊತ್ತಾಯಿತು. ನೀಲಿಯ ಮೇಲೆ ಕಂದು ಕೂಡಿದರೆ ಹಸುರು. ಕಂದಿಗೆ ಮಾತ್ರ ಹಲವು ಅಂಶಗಳು ಕಾರಣವಾದುದರಿಂದ, ಗಾಢವಾದ ಕಂದನ್ನು ಮೆಲ್ಲಮೆಲ್ಲನೆ, ತಲೆಮಾರಿನಿಂದ ತಲೆಮಾರಿಗೆ ಆರಿಸಿಯೇ ಪಡೆಯಬೇಕು. ಹುಂಜವು ಮೊಟ್ಟೆಯಿಡದು, ಅದರ ಯೋಗ್ಯತೆ ತಿಳಿಯುವುದು ಅದರ ಹೆಣ್ಣುಮಕ್ಕಳು ಮೊಟ್ಟೆಗೆ ಬಂದಾಗ. ನಮ್ಮ ಊರಕೋಳಿಗಳ ಮೊಟ್ಟೆ ಸಾಧಾರಣವಾಗಿ ಕೆನೆಬಣ್ಣದಿಂದ ತಿಳಿಗಂದಿನವರೆಗೆ ಇರುವುದು. ಕಂದು ಮೊಟ್ಟೆಯೆಲ್ಲ ನಾಟಿ ಮೊಟ್ಟೆಯೆಂದು ತಿಳಿದು ಹೆಚ್ಚು ಬೆಲೆ ಕೊಡುವವರು ಬಹಳ. ಆದರೆ ಅಮೆರಿಕದ ರೋಡ್ ಐಲೆಂಡ್ ರೆಡ್ ಕೋಳಿಯ ಮೊಟ್ಟೆಯೂ ಕಂದೇ. ಚಿಪ್ಪಿನ ಬಣ್ಣದಿಂದ ಸತ್ವವು ಹೆಚ್ಚುವುದೂ ಇಲ್ಲ, ಕುಲವು ಸಿದ್ಧವಾಗುವುದೂ ಇಲ್ಲ.

ಈಗ ನಿಜವಾದ ಆತಂಕಕ್ಕೆ ಬರೋಣ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ೧೯೮೯ರಲ್ಲಿ ಗಿರಿರಾಜವನ್ನೂ, ಕರ್ನಾಟಕ ಪಶುವೈದ್ಯಕೀಯ ವಿಶ್ವವಿದ್ಯಾನಿಲಯವು ೨೦೦೫ರಲ್ಲಿ ಸ್ವರ್ಣಧಾರೆಯನ್ನೂ ಹಿತ್ತಿಲಿಗೆಂದೇ ಬಿಡುಗಡೆ ಮಾಡಿದವು. ಬಣ್ಣಬಣ್ಣದ ಗರಿ, ತೂಕವಾದ ಮೈ, ಹೆಚ್ಚು ಮೊಟ್ಟೆ. ಬಡವರಿಗೆ ಇವುಗಳಿಂದಾದ ಉಪಕಾರ ದೊಡ್ಡದು. ಆದರೆ ಇವು ಸಂಕರಗಳು. ಇವುಗಳ ಮೊಟ್ಟೆಯನ್ನು ಮನೆಯಲ್ಲಿ ಕಾವಿಗಿಟ್ಟರೆ ತಾಯಿತಂದೆಯ ಗುಣ ಮರಿಗಳಲ್ಲಿ ಚೆದುರುವುದು. ಅವುಗಳ ಹುಂಜಗಳು ಬೀದಿಯಲ್ಲಿ ಊರಹೇಟೆಗಳೊಡನೆ ಕೂಡಿದರೆ, ವರ್ಷಕ್ಕೆ ಐವತ್ತು ಅರುವತ್ತು ಮೊಟ್ಟೆಯನ್ನೇ ಇಟ್ಟರೂ ತಾನೇ ಕಾವು ಕೂತು, ಹದ್ದಿನ ನೆರಳು ಕಂಡೊಡನೆ ಮರಿಗಳನ್ನು ರೆಕ್ಕೆಗೆ ಸೇರಿಸಿಕೊಳ್ಳುವ ನಮ್ಮ ಯಾಟೆಯ ಗುಣಗಳು ಯಾರಿಗೂ ತಿಳಿಯದಂತೆ ಕರಗಿಹೋಗುವುವು. ೧೮೬೦ರ ಹರಾಜಿಗೆ ದಾಖಲೆಯಾದರೂ ಉಂಟು. ಈ ಹರಾಜಿಗೆ ಅದೂ ಇಲ್ಲ.

ಆದುದರಿಂದ ಬಣ್ಣದ ಆಸೆಯುಳ್ಳವರು ಹೀಗೆ ಮಾಡಬಹುದು. ನಾಲ್ಕು ಊರುಗಳಲ್ಲಿ ನಾಲ್ಕು ಮನೆಯವರು ಒಂದು ಒಪ್ಪಂದಕ್ಕೆ ಬರಲಿ. ಒಬ್ಬೊಬ್ಬರೂ ಊರಕೋಳಿಯಲ್ಲೇ ತಮಗೆ ಮೆಚ್ಚಾದ ಬಣ್ಣದ ಎಂಟುಹತ್ತು ಹೇಟೆಗಳನ್ನೂ ಒಂದು ಹುಂಜವನ್ನೂ ಬೇಲಿಯೊಳಗೆ ಇಡಲಿ. ಹುಂಜವನ್ನು ಬದಲಾಯಿಸಿದ ಮೇಲೆ ಮೂರು ವಾರಗಳ ಮೊಟ್ಟೆಯನ್ನು ಕಾವಿಗಿಡಬಾರದು. ಹಿಂದಿನ ಹುಂಜದ ಬೀಜ ಹೇಟೆಯ ಮೈಯಲ್ಲಿ ಅಷ್ಟುಕಾಲ ಉಳಿದಿರುವುದುಂಟು. ಪ್ರತಿಯೊಂದು ಮರಿಗೂ ಕಾಲಿಗೆ ಗುರುತು, ಪ್ರತಿಯೊಂದು ಹೇಟೆಗೂ ಪುಸ್ತಕದಲ್ಲಿ ಒಂದು ಪುಟ: ತಾಯಿ, ತಂದೆ, ಗರಿ, ಮೊದಲ ಮೊಟ್ಟೆಯ ಬಣ್ಣ, ಕಾವು ಕೂತ ದಿನ, ಉಳಿದ ಮರಿಗಳ ಎಣಿಕೆ. ಹೇಟೆಗಳು ಹುಟ್ಟಿದ ಮನೆಯಲ್ಲೇ ಉಳಿಯಲಿ. ಹುಂಜಗಳು ಮಾತ್ರ ವರ್ಷಕ್ಕೊಮ್ಮೆ ಶ್ರೀರಂಗಪಟ್ಟಣದಿಂದ ಪಾಂಡವಪುರಕ್ಕೆ, ಅಲ್ಲಿಂದ ಕೃಷ್ಣರಾಜಪೇಟೆಗೆ, ಅಲ್ಲಿಂದ ನಾಗಮಂಗಲಕ್ಕೆ, ನಾಗಮಂಗಲದಿಂದ ಮತ್ತೆ ಶ್ರೀರಂಗಪಟ್ಟಣಕ್ಕೆ ಹೋಗಲಿ. ಹೀಗಾದರೆ ಒಡಹುಟ್ಟಿದವು ಕೂಡುವ ದೋಷವಿಲ್ಲ. ಕೊಕ್ಕರೆ ರೋಗಕ್ಕೆ ಲಸಿಕೆ ತಪ್ಪದೆ ಆಗಲಿ. ಆದರೂ ಒಂದು ಮನೆಯ ಗೂಡು ಬರಿದಾದರೆ ಮಿಕ್ಕ ಮೂರು ಮನೆಗಳು ಅದನ್ನು ತುಂಬಿಕೊಡುವುವು.

ಗರಿಯ ಬಣ್ಣ ಮೂರನೆಯ ತಲೆಮಾರಿಗೆ ನಿಲ್ಲತೊಡಗಬಹುದು. ಮೊಟ್ಟೆಯ ಬಣ್ಣಕ್ಕೆ ಇನ್ನೂ ತಾಳ್ಮೆ ಬೇಕು. ಬಣ್ಣ ಸಿದ್ಧಿಸದಿದ್ದರೂ ನಷ್ಟವೇನೂ ಇಲ್ಲ, ಕುಲವು ಉಳಿದಿರುವುದು. ಬಣ್ಣಕ್ಕಾಗಿ ಕುಲವನ್ನು ಕಳೆದರೆ, ಚೆದುರಿದ ಮಂದೆಯನ್ನು ಕೂಡಿಸಹೊರಟ ೧೮೬೬ರ ಅಧಿಕಾರಿಗಳಂತೆ ನಾವೂ ಊರೂರು ತಿರುಗಬೇಕಾದೀತು. ಅರಸರು ಕಾವಲುಗಳನ್ನು ಬಿಟ್ಟು ನಡೆಸಿದ ಕೆಲಸವನ್ನು ನಾಲ್ಕು ಹಿತ್ತಿಲುಗಳೂ ಒಂದು ಲೆಕ್ಕದ ಪುಸ್ತಕವೂ ಚಿಕ್ಕದಾಗಿಯಾದರೂ ನಡೆಸಬಲ್ಲವು. ಆ ಪುಸ್ತಕದ ಮೊದಲ ಪುಟವನ್ನು ಈ ವರ್ಷವೇ ಬರೆಯತೊಡಗುವುದು ಒಳ್ಳೆಯದು.