ಸ್ಲೋ ಕುಕ್ಕರ್ (ಒಬ್ಬರ ಅಡುಗೆಗೆ)

ವಿದ್ಯುತ್ತಿನ ಮಂದ ಶಾಖದಲ್ಲಿ ಐದಾರು ಗಂಟೆ ಬೇಯಿಸುವ ಪಿಂಗಾಣಿ ಪಾತ್ರೆಯ ಉಪಕರಣ. ಕೋಲ್ಕತ್ತದ ಇಂದುಮಾಧವ ಮಲ್ಲಿಕ್ 1910ರಲ್ಲಿ ರೂಪಿಸಿದ, ಕೆಂಡದ ಹಬೆಯಲ್ಲಿ ಬೇಯಿಸುವ ಇಕ್ಮಿಕ್ ಕುಕ್ಕರ್ ಇದರ ಭಾರತೀಯ ಪೂರ್ವಜ ಎನ್ನಬಹುದು. ಒಬ್ಬರಿಗೆ ಒಂದೂವರೆ ಲೀಟರಿನದು ಸಾಕು. ದೊಡ್ಡದರಲ್ಲಿ ಹಿಡಿ ಬೇಳೆ ಹಾಕಿದರೆ ತಳ ಹಿಡಿಯುತ್ತದೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿರಲಿ, ನೀರು ಮಾತ್ರ ಕಡಿಮೆ: ಮುಚ್ಚಳ ಹಬೆಯನ್ನು ಬಿಡುವುದಿಲ್ಲ. ಹುರುಳಿ, ಕಡಲೆಕಾಳು ರಾತ್ರಿ ನೆನೆದಿದ್ದರೆ ಬೆಣ್ಣೆಯಂತೆ ಬೇಯುತ್ತವೆ. ರಾಜ್ಮಾ ಹಾಗಲ್ಲ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ 10 ನಿಮಿಷ ಒಲೆಯ ಮೇಲೆ ಕುದಿಸಿಯೇ ಹಾಕಬೇಕು. ಅದರ ಲೆಕ್ಟಿನ್ ವಿಷ ಮಂದ ಶಾಖಕ್ಕೆ ಬಗ್ಗುವುದಿಲ್ಲ. ಮುಂಡಗೋಡ ತಾಲ್ಲೂಕಿನ ಅತ್ತಿವೇರಿಯಂಥ ಊರಲ್ಲಿ ಗಾಳಿಮಳೆಗೆ ಕರೆಂಟು ಹೋಗಿ, ಅರೆಬೆಂದ ಅಡುಗೆ ಎರಡು ಗಂಟೆಗೂ ಮೀರಿ ಕೂತಿದ್ದರೆ ಉಣ್ಣಬಾರದು.