ಗೋಡೆಯ ಮೇಲಿನ ಇರುಳುಗಾವಲು

ಸೂರಿಲ್ಲದೆ ಕಳೆಯುವ ರಾತ್ರಿಗೆ ಶಿಲಾರೋಹಿಗಳು ಬಳಸುವ ‘ಬಿವುವಾಕ್’ ಎಂಬ ಪದ ಹುಟ್ಟಿದ್ದು ಬಂಡೆಯ ಮೇಲಲ್ಲ, ಊರಿನ ಬೀದಿಯಲ್ಲಿ. ಸ್ವಿಟ್ಜರ್ಲೆಂಡಿನ ಝೂರಿಕ್ ಮತ್ತು ಆರ್ಗೌ ಸೀಮೆಗಳಲ್ಲಿ ರಾತ್ರಿ ಊರು ಕಾಯಲು ಗೊತ್ತುಪಡಿಸಿದ ಕಾವಲುಗಾರರಿದ್ದರು. ಅಪಾಯದ ಸುಳಿವು ಸಿಕ್ಕ ರಾತ್ರಿ ಅವರಷ್ಟೇ ಸಾಲದೆ ಊರಿನ ಗೃಹಸ್ಥರೂ ಎದ್ದು ಬಂದು ಗಸ್ತು ತಿರುಗುತ್ತಿದ್ದರು. ಈ ಹೆಚ್ಚಿನ ಕಾವಲಿಗೆ ಅಲ್ಲಿನ ಜರ್ಮನ್ ಆಡುನುಡಿಯಲ್ಲಿ ‘ಬೀವಾಖ್ಟ್’ ಎಂದು ಹೆಸರು. ‘ಬೀ’ ಎಂದರೆ ಪಕ್ಕದಲ್ಲಿ, ಜೊತೆಗೆ. ‘ವಾಖ್ಟ್’ ಎಂದರೆ ಕಾವಲು. 19ನೆಯ ಶತಮಾನದ ಮೊದಲಲ್ಲಿ ಸ್ವಿಸ್ ಆಡುನುಡಿಗಳ ಕೋಶ ಕಟ್ಟಿದ ಪಾದ್ರಿ ಫ್ರಾನ್ಜ್ ಯೋಸೆಫ್ ಸ್ಟಾಲ್ಡರ್ ಈ ಅರ್ಥವನ್ನು ದಾಖಲಿಸಿದ್ದಾರೆ.

ಹಾಗಾಗಿ ಇದು ಮೂಲದಲ್ಲಿ ಮಲಗುವವರ ಪದವಲ್ಲ, ಎಚ್ಚರವಿರುವವರ ಪದ. ಇಂಗ್ಲಿಷಿನ ವಾಚ್, ವೇಕ್, ಲ್ಯಾಟಿನ್ನಿನ ವಿಜಿಲ್ ಎಲ್ಲವೂ ಇದರ ಬಂಧುಗಳೇ. ಚೈತನ್ಯ, ಕಸುವು ಎಂಬ ಅರ್ಥದ ಒಂದು ಪ್ರಾಚೀನ ಧಾತುವಿಗೆ ಭಾಷಾಶಾಸ್ತ್ರಜ್ಞರು ಇವನ್ನು ಒಯ್ದು ಮುಟ್ಟಿಸುತ್ತಾರೆ. ಸಂಸ್ಕೃತದ ‘ವಾಜ’ವನ್ನೂ ಅವರು ಅಲ್ಲಿಗೇ ಸೇರಿಸುತ್ತಾರೆ, ಹಳೆಯ ಕಾವ್ಯಗಳಲ್ಲಿ ನಾವು ಕುದುರೆ ಎಂದು ಓದಿಕೊಳ್ಳುವ ‘ವಾಜಿ’ ಅದರಿಂದಲೇ ಬಂದದ್ದು.

ಊರಿನಿಂದ ಪದ ದಂಡಿಗೆ ಸೇರಿತು. 17ನೆಯ ಶತಮಾನದಲ್ಲಿ ಫ್ರೆಂಚರ ಬಾಯಲ್ಲಿ ಅದು ಬಿವುವಾಕ್ ಆಯಿತು. 18ನೆಯ ಶತಮಾನದ ಆರಂಭದ ಇಂಗ್ಲಿಷ್ ನಿಘಂಟುಗಳು ಕೊಡುವ ಅರ್ಥ ಗಮನಿಸಬೇಕಾದ್ದು: ಶತ್ರು ಹಠಾತ್ತನೆ ಮೇಲೆ ಬೀಳದಂತೆ ಇಡೀ ಸೈನ್ಯ ಆಯುಧ ಹಿಡಿದು ರಾತ್ರಿಯೆಲ್ಲ ಎದ್ದಿರುವುದು. ಕಾವಲಿನ ಅರ್ಥ ಇನ್ನೂ ಜೀವಂತವಾಗಿತ್ತು. ಅದನ್ನು ಸಡಿಲಿಸಿದ್ದು ಕ್ರಾಂತಿಯ ಮತ್ತು ನೆಪೋಲಿಯನ್ನನ ಕಾಲದ ಫ್ರೆಂಚ್ ಸೈನ್ಯಗಳು. ವೇಗವಾಗಿ ನಡೆಯಬೇಕಿದ್ದ ಅವರಿಗೆ ಗುಡಾರಗಳ ಬಂಡಿಗಳು ಹೊರೆಯಾದವು. ಬೆಂಕಿ ಹಾಕಿಕೊಂಡು ಬಯಲಲ್ಲೇ ಉರುಳಿಕೊಳ್ಳುವುದು ರೂಢಿಯಾಯಿತು, ಆ ಉರುಳಿಕೊಳ್ಳುವಿಕೆಗೇ ಬಿವುವಾಕ್ ಎಂಬ ಹೆಸರು ಅಂಟಿತು. 1805ರ ಡಿಸೆಂಬರ್ 1ರ ರಾತ್ರಿ, ಆಸ್ಟರ್ಲಿಟ್ಜ್ ಕಾಳಗದ ಮುನ್ನ ನೆಪೋಲಿಯನ್ ತಂಗಿದ್ದನ್ನು ಲೆಜ್ಯೂನ್ ಎಂಬ ಸೈನಿಕ ಚಿತ್ರಕಾರ ಬರೆದಿದ್ದಾನೆ. ಆ ಚಿತ್ರದ ಹೆಸರಿನಲ್ಲೇ ಈ ಪದವಿದೆ. ಸೂರು ಇಲ್ಲದ ಇರುಳು ಎಂಬ ಅರ್ಥ ಹೀಗೆ ಗಟ್ಟಿಯಾಯಿತು. ಜರ್ಮನರೂ ಫ್ರೆಂಚರಿಂದ ಈ ಪದವನ್ನು ‘ಬಿವಾಕ್’ ಎಂದು ಮರಳಿ ಪಡೆದರು.

ಆಲ್ಪ್ಸ್ ಹತ್ತುವವರು ಇದನ್ನು ಕೈಗೆತ್ತಿಕೊಂಡಾಗ ಅದಕ್ಕೆ ಎರಡು ಬಗೆ ಹುಟ್ಟಿತು. ಒಂದು, ಯೋಜಿಸಿದ ಬಿವುವಾಕ್. ಇನ್ನೊಂದು, ಕತ್ತಲು ಅಥವಾ ಬಿರುಗಾಳಿ ಹೇರಿದ ಬಿವುವಾಕ್. ಎರಡರ ನಡುವಿನ ಗೆರೆ ಎಷ್ಟು ತೆಳುವೆಂದು ಐಗರ್ ಪರ್ವತದ ಉತ್ತರ ಗೋಡೆ ತೋರಿಸಿತು. 1935ರಲ್ಲಿ ಜರ್ಮನಿಯ ಮ್ಯಾಕ್ಸ್ ಸೆಡ್ಲ್‌ಮೈರ್ ಮತ್ತು ಕಾರ್ಲ್ ಮೆರಿಂಗರ್ ಅಲ್ಲಿ ರಾತ್ರಿ ಕಳೆಯುವ ಸಿದ್ಧತೆಯಲ್ಲೇ ಹೋದರು. ಹವೆ ಕೆಟ್ಟಿತು, ಇಬ್ಬರೂ ಮರಳಲಿಲ್ಲ. ಅವರು ತಂಗಿದ, ಸುಮಾರು 3,300 ಮೀಟರ್ ಎತ್ತರದ ಅಂಚನ್ನು ಇಂದಿಗೂ ‘ಸಾವಿನ ಬಿವುವಾಕ್’ ಎಂದೇ ಕರೆಯುತ್ತಾರೆ.

ಸಲಕರಣೆಯಿಲ್ಲದೆ ಗೋಡೆಯ ಮೇಲೆ ರಾತ್ರಿ ಕಳೆಯುವುದು ಹೇಗೆಂದು ತಿಳಿದರೆ ಪದದ ಹಳೆಯ ಅರ್ಥ ಏಕೆ ಮತ್ತೆ ತಲೆಯೆತ್ತಿತೆಂದು ಗೊತ್ತಾಗುತ್ತದೆ. ಮೊದಲ ವಿಚಾರ ಅಂಚಿನದು. ಕುಳಿತುಕೊಳ್ಳುವಷ್ಟು ಜಾಗ ಮೇಲಿದೆಯೋ ಇಲ್ಲವೋ ಎಂಬುದೇ ಆ ದಿನ ಎಲ್ಲಿಗೆ ನಿಲ್ಲಬೇಕೆಂದು ತೀರ್ಮಾನಿಸುತ್ತದೆ. ಸಂಜೆ ನಾಲ್ಕಕ್ಕೇ ಒಳ್ಳೆಯ ಅಂಚು ಸಿಕ್ಕರೆ ಉಳಿದ ಬೆಳಕನ್ನು ಬಿಟ್ಟುಕೊಟ್ಟು ಕೂರುವುದೇ ಜಾಣತನ. ಹಗ್ಗದ ಸುರುಳಿ ಕೆಳಗೆ ಹಾಸು, ಏಕೆಂದರೆ ಕಲ್ಲು ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಬೆನ್ನುಚೀಲ ಖಾಲಿ ಮಾಡಿ ಎರಡೂ ಕಾಲನ್ನು ಅದರೊಳಗೆ ತೂರಿಸಬೇಕು. ಸೊಂಟದ ಕಟ್ಟನ್ನು ಯಾವ ಕಾರಣಕ್ಕೂ ಬಿಚ್ಚುವಂತಿಲ್ಲ. ಶೂ ಕಳಚಿದರೆ ಅದನ್ನೂ ಕಟ್ಟಿಡಬೇಕು. ಕೈತಪ್ಪಿದ್ದು ಮತ್ತೆ ಸಿಗುವುದಿಲ್ಲ. ಅಂಚೇ ಇಲ್ಲದಿದ್ದರೆ ಪಟ್ಟಿಯ ಮೆಟ್ಟಿಲುಗಳಲ್ಲಿ ಪಾದವಿಟ್ಟು, ತೊಡೆಗೆ ಒಂದು ಪಟ್ಟಿ ಕೊಟ್ಟು ನೇತಾಡಬೇಕು. ಅಲುಗಾಡದೆ ನೇತಾಡಿದರೆ ರಕ್ತ ಕಾಲುಗಳಲ್ಲಿ ಕೂಡಿಕೊಳ್ಳುತ್ತದೆ, ಪ್ರಜ್ಞೆ ತಪ್ಪುವ ಅಪಾಯವಿದೆ. ಹಾಗಾಗಿ ಮತ್ತೆ ಮತ್ತೆ ಭಾರ ಬದಲಿಸಬೇಕು, ಜೊತೆಗಾರನನ್ನು ಮಾತಾಡಿಸಬೇಕು, ಬೆರಳುಗಳನ್ನು ಉಜ್ಜಬೇಕು. ಇದನ್ನು ನಿದ್ದೆ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಇಬ್ಬರು ಅಕ್ಕಪಕ್ಕದಲ್ಲಿ ಒಬ್ಬರಿಗೊಬ್ಬರು ಕಾವಲು ಕೂತಿದ್ದಾರೆ. ಝೂರಿಕ್ಕಿನ ಗೃಹಸ್ಥರು ಆಡುತ್ತಿದ್ದ ಅರ್ಥವೇ ಇದು.

ಜೊತೆಗಾರನೂ ಇಲ್ಲದವರಿದ್ದರು. 1953ರ ಜುಲೈ 3ರಂದು ಆಸ್ಟ್ರಿಯಾದ ಹರ್ಮನ್ ಬೂಲ್ ನಂಗಾ ಪರ್ಬತದ ಶಿಖರವನ್ನು ಮೊದಲು ಮುಟ್ಟಿ ಇಳಿಯುವಾಗ ಕತ್ತಲಾಯಿತು. ಗುಡಾರವಿಲ್ಲ, ಮಲಗುವ ಚೀಲವಿಲ್ಲ, ಕೂರಲೂ ಜಾಗವಿಲ್ಲ. ಸುಮಾರು 8,000 ಮೀಟರ್ ಎತ್ತರದಲ್ಲಿ ಬಂಡೆಗೆ ಒರಗಿ ಬೆಳಗಿನ ತನಕ ನಿಂತೇ ಇದ್ದ. ಹಿಮ ಅವನ ಕಾಲ್ಬೆರಳುಗಳನ್ನು ಕಚ್ಚಿತು, ಆದರೆ ಬದುಕಿ ಬಂದ. ಎರಡು ವರ್ಷದ ನಂತರ ಇಟಲಿಯ ವಾಲ್ಟರ್ ಬೊನಾಟ್ಟಿ ಮೊಂಬ್ಲಾಂ ಸಾಲಿನ ದ್ರೂ ಶಿಖರದ ನೈಋತ್ಯ ಕಂಬವನ್ನು ಒಬ್ಬನೇ ಹತ್ತಿದ. ಆರು ಹಗಲು, ಗೋಡೆಯ ಮೇಲೆ ಐದು ರಾತ್ರಿ. ಆರಂಭದಲ್ಲೇ ಬಂಡೆಗೆ ಬಡಿಯುವ ಒಂದು ಮೊಳೆ ಇಂಧನದ ಡಬ್ಬಿಯನ್ನು ತೂತು ಮಾಡಿ ಆಹಾರ ಕೆಡಿಸಿತ್ತು. ಅವನು ಕುಳಿತು ರಾತ್ರಿ ನೂಕಿದ ಆ ಕಲ್ಲಿನ ಬಹುಭಾಗ 2005ರಲ್ಲಿ ಕುಸಿದು ಕೆಳಗಿನ ಹಿಮನದಿಯ ಮೇಲೆ ಬಿತ್ತು.

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಮಾತ್ರ ಈ ಪದಕ್ಕೆ ಹೊಸ ಪರೀಕ್ಷೆ ಎದುರಾಯಿತು. ಅಲ್ಲಿನ ಎಲ್ ಕ್ಯಾಪಿಟನ್ ಸುಮಾರು 900 ಮೀಟರ್ ಎತ್ತರದ ಗ್ರಾನೈಟ್ ಗೋಡೆ. ವಾರೆನ್ ಹಾರ್ಡಿಂಗ್ ತಂಡ 1957ರಿಂದ 1958ರವರೆಗೆ ಹಗ್ಗ ಬಿಟ್ಟು, ಇಳಿದು, ಮತ್ತೆ ಹತ್ತಿ ‘ನೋಸ್’ ಎಂಬ ದಾರಿಯನ್ನು ಮುಗಿಸಿತು. ಅವರು ತಂಗಿದ ಅಂಚುಗಳಿಗೆ ಕ್ಯಾಂಪ್ 4, ಕ್ಯಾಂಪ್ 5, ಕ್ಯಾಂಪ್ 6 ಎಂಬ ಹೆಸರುಗಳು ಇಂದಿಗೂ ನಿಂತಿವೆ. ಆ ಆರೋಹಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಕೊನೆಯ ರಾತ್ರಿ. ತುದಿಯ ಚಾಚಿದ ಬಂಡೆಯಲ್ಲಿ ಹಾರ್ಡಿಂಗ್ ಹಣೆದೀಪದ ಬೆಳಕಿನಲ್ಲಿ ಕೈಯಿಂದಲೇ ರಂಧ್ರ ಕೊರೆಯುತ್ತ 28 ಬೋಲ್ಟ್‌ಗಳನ್ನು ಬಡಿದ; ಕೆಳಗೆ ಜೊತೆಗಾರ ಹಗ್ಗ ಹಿಡಿದು ಎಚ್ಚರವಿದ್ದ. ನವೆಂಬರ್ 12ರ ನಸುಕಿನಲ್ಲಿ ಹಾರ್ಡಿಂಗ್ ಮೇಲೆ ಬಂದ. ಮೂಲ ಬೀವಾಖ್ಟ್‌ಗೆ ಇಷ್ಟು ಹತ್ತಿರದ ಇನ್ನೊಂದು ರಾತ್ರಿ ಪರ್ವತಾರೋಹಣದ ಚರಿತ್ರೆಯಲ್ಲಿ ನನಗೆ ಕಂಡಿಲ್ಲ.

ಅಂಚುಗಳು ವಿರಳವಾದ ಗೋಡೆಗಳಿಗೆ ಕೈಹಾಕಿದಾಗ ಜೋಲಿಗಳು ಬಂದವು. 1964ರಲ್ಲಿ ರಾಯಲ್ ರಾಬಿನ್ಸ್, ಟಾಮ್ ಫ್ರಾಸ್ಟ್, ಚಕ್ ಪ್ರ್ಯಾಟ್, ಇವಾನ್ ಶುಯ್ನಾರ್ಡ್ ನಾಲ್ವರೂ ಎಲ್ ಕ್ಯಾಪಿಟನ್ನಿನ ನಾರ್ತ್ ಅಮೆರಿಕ ವಾಲ್ ಎಂಬ ದಾರಿಯ ಮೇಲೆ ಮೊಳೆಗಳಿಗೆ ಜೋಲಿ ಕಟ್ಟಿ ಮಲಗಿದರು. ಜೋಲಿ ಭುಜಗಳನ್ನು ಹಿಂಡುತ್ತದೆ, ಮುಖ ಕಲ್ಲಿಗೆ ಉಜ್ಜುತ್ತದೆ. ಆದರೂ ಅದು ಮಲಗುವ ಭಂಗಿ. 1970ರಲ್ಲಿ ಹಾರ್ಡಿಂಗ್ ಮತ್ತು ಡೀನ್ ಕಾಲ್ಡ್‌ವೆಲ್ ಇಂಥ ತೂಗುಗೂಡುಗಳಲ್ಲೇ 27 ದಿನ ಎಲ್ ಕ್ಯಾಪಿಟನ್ ಮೇಲಿದ್ದು, ಬಿರುಗಾಳಿಯ ನಡುವೆ ಬಂದ ರಕ್ಷಣೆಯನ್ನು ಬೇಡವೆಂದರು. 1980ರ ದಶಕದಲ್ಲಿ ಚೌಕಟ್ಟಿಗೆ ಬಟ್ಟೆ ಬಿಗಿದ ಮಡಚುಮಂಚ, ಪೋರ್ಟಲೆಜ್, ಹರಡಿತು. ಅಂದಿನಿಂದ ಅಂಚು ಹಿಡಿದು ದಿನವನ್ನು ಅಳೆಯುವ ಅಗತ್ಯ ತಗ್ಗಿತು.

ಇತ್ತ ಪದ ತಲೆಕೆಳಗಾಯಿತು. ಫ್ರಾನ್ಸಿನ ಪಿಯೆರ್ ಅಲೆಂ 1930ರ ದಶಕದಲ್ಲೇ ಬಿವುವಾಕ್‌ಗೆಂದು ಸೊಂಟದವರೆಗಿನ ಗಿಡ್ಡ ಗರಿಚೀಲವನ್ನು ಬಳಕೆಗೆ ತಂದಿದ್ದ. ಅದಕ್ಕೆ ‘ಆನೆಕಾಲು’ ಎಂಬ ಅಡ್ಡಹೆಸರು. ಬ್ರಿಟನ್ನಿನ ಆರೋಹಿಗಳು ಬಿವುವಾಕನ್ನು ‘ಬಿವ್ವಿ’ ಎಂದು ಮೊಟಕುಗೊಳಿಸಿದರು, ಆ ಬಿವ್ವಿ ಅಂಗಡಿಯಲ್ಲಿ ನೀರು ತಡೆಯುವ ಚೀಲದ ಹೆಸರಾಯಿತು. ಸಾಮಾನಿಲ್ಲದ ಸ್ಥಿತಿಯ ಪದ ಸಾಮಾನಿಗೆ ಅಂಟಿತು. ಇಟಲಿ ಇನ್ನೂ ಮುಂದೆ ಹೋಯಿತು: 1920ರ ದಶಕದಿಂದ ಎತ್ತರದ ಕಣಿವೆದಾರಿಗಳಲ್ಲಿ ನಿಲ್ಲಿಸಿದ ಪುಟ್ಟ ತಗಡಿನ ಗೂಡುಗಳಿಗೆ ಅಲ್ಲಿ ‘ಬಿವಾಕ್ಕೊ’ ಎನ್ನುತ್ತಾರೆ. ಸೂರಿಲ್ಲದ ರಾತ್ರಿಯ ಪದಕ್ಕೆ ಸೂರು ಬಂತು, ಬಾಗಿಲೂ ಬಂತು! ಕೀಟವಿಜ್ಞಾನಿಗಳು ಮಾತ್ರ ಬೇರೆ ದಾರಿ ಹಿಡಿದರು. ಅಮೆರಿಕ ಖಂಡದ ಉಷ್ಣವಲಯದ ದಂಡಿರುವೆಗಳು ಕಾಲಿಗೆ ಕಾಲು ಕೊಂಡಿ ಹಾಕಿ ನೇತಾಡುತ್ತ, ರಾಣಿಯನ್ನೂ ಮರಿಗಳನ್ನೂ ನಡುವಿಟ್ಟು, ತಮ್ಮ ಮೈಯಿಂದಲೇ ಗೂಡಾಗುತ್ತವೆ. ಅದರ ಶಾಸ್ತ್ರೀಯ ಹೆಸರೂ ಬಿವುವಾಕ್.

ಕನ್ನಡಕ್ಕೆ ಇದನ್ನು ತರುವವರು ಶಿಬಿರ, ಬಿಡಾರ, ಬೀಡು ಎನ್ನುತ್ತಾರೆ. ಬೀಡಿನ ಬೇರು ‘ಬಿಡು’. ಹೊರೆ ಇಳಿಸಿ ನಿರಾಳವಾಗುವ ಜಾಗ ಅದು. ಶಾಸನಗಳ ನೆಲೆವೀಡಂತೂ ರಾಜ ನೆಲಸಿ ಆಳಿದ ಪಟ್ಟಣ. ಪೋರ್ಟಲೆಜ್ ತೂಗುಹಾಕಿ ಅಡುಗೆ ಮಾಡಿ ಮಲಗುವವರು ಬೀಡು ಬಿಟ್ಟರು ಎಂದರೆ ಒಪ್ಪಬಹುದು. ಬೂಲ್ ನಿಂತಿದ್ದಕ್ಕೆ, ಬೊನಾಟ್ಟಿ ಕೂತಿದ್ದಕ್ಕೆ ಅದು ಸಲ್ಲುವುದಿಲ್ಲ. ಜಾಗರಣೆ ಹತ್ತಿರ ಬರುತ್ತದೆ, ಆದರೆ ಅದರಲ್ಲಿ ವ್ರತದ ಸಂಕಲ್ಪವಿದೆ. ಕತ್ತಲು ಹೇರಿದ ರಾತ್ರಿಗೆ ಆ ಸಂಕಲ್ಪ ಎಲ್ಲಿಯದು? ನಾನು ‘ಇರುಳುಗಾವಲು’ ಎನ್ನುತ್ತೇನೆ. ಕೂತು ಕಾಯುವವರಿಗೂ ನಿಂತು ಕಾಯುವವರಿಗೂ ಅದು ಹೊಂದುತ್ತದೆ, ‘ಬಲವಂತದ’ ಎಂಬ ವಿಶೇಷಣವನ್ನೂ ತಡೆದುಕೊಳ್ಳುತ್ತದೆ.