ದಾಳಿಂಬೆ ಮತ್ತು ಮಳೆಗೆ ಅಂಜಿದ ಅಪ್ಪ

ಮೊನ್ನೆ ನಮ್ಮ ಆಫೀಸಿನ ಕೆಳಗಿನ ಜ್ಯೂಸ್ ಅಂಗಡಿಯಲ್ಲಿ ಗೆಳೆಯನೊಬ್ಬ ದಾಳಿಂಬೆ ಹಣ್ಣು ತಿರುಗಿಸಿ ನೋಡುತ್ತಾ, "ಇದು ಕಾಬೂಲಿಂದ ಬರೋದಲ್ವಾ?" ಅಂದ. "ಇಲ್ಲ ಮಾರಾಯ, ನಮ್ಮ ಕುಷ್ಟಗಿಯಿಂದಲೂ ಬರುತ್ತೆ" ಅಂದೆ. ನಂಬಲೇ ಇಲ್ಲ! ಕೊಪ್ಪಳ ಜಿಲ್ಲೆ ಅಂದರೆ ಹೊರಗಿನವರಿಗೆ ಗವಿಮಠದ ಅಶೋಕನ ಶಾಸನ, ಆನೆಗುಂದಿ, ಇಲ್ಲವೇ ಕಾಲುವೆ ನೀರಿನ ಗಂಗಾವತಿಯ ಭತ್ತ. ಕುಷ್ಟಗಿ, ಯಲಬುರ್ಗಾ ಅಂದರೆ ಬರಗಾಲ, ಅಷ್ಟೇ. ಅದಕ್ಕೇ ಈ ಸಲ ಶಾಸನ ಬಿಟ್ಟು ಒಂದು ಗಿಡದ ಇತಿಹಾಸ.

ದಾಳಿಂಬೆಯ ಮೂಲ ಇರಾನಿನ ಕಡೆ. ಒಣಹವೆ, ಬಿಸಿಲು ಅಂದರೆ ಇದಕ್ಕೆ ಪ್ರೀತಿ. ಸುಣ್ಣದ ಅಂಶವಿರುವ ಬಡ ನೆಲವನ್ನೂ ಸಹಿಸುತ್ತದೆ, ಬುಡದಲ್ಲಿ ನೀರು ನಿಂತರೆ ಮಾತ್ರ ಆಗದು. ಅದರ ಪಾಡಿಗೆ ಬಿಟ್ಟರೆ ವರ್ಷವಿಡೀ ಅಷ್ಟಷ್ಟೇ ಹೂ ಬಿಡುತ್ತದೆ. ಅದಕ್ಕೇ ರೈತರು ಗಿಡಕ್ಕೆ ಒಂದೆರಡು ತಿಂಗಳು ಉಪವಾಸ ಹಾಕುತ್ತಾರೆ. ನೀರು ನಿಲ್ಲಿಸಿ, ಎಲೆ ಉದುರಿದ ಮೇಲೆ ಸವರಿ, ಗೊಬ್ಬರ ಕೊಟ್ಟು ನೀರು ಬಿಟ್ಟರೆ ತೋಟಕ್ಕೆ ತೋಟವೇ ಒಟ್ಟಿಗೆ ಕೆಂಪಗೆ ಅರಳುತ್ತದೆ. ಇದಕ್ಕೆ 'ಬಹಾರ್' ಅಂತಾರೆ. ಮಾವು ಹೂ ಬಿಡುವ ಕಾಲದ್ದು ಅಂಬೆ ಬಹಾರ್, ಮುಂಗಾರಿನದು ಮೃಗ ಬಹಾರ್, ಸೆಪ್ಟೆಂಬರ್-ಅಕ್ಟೋಬರಿನದು ಹಸ್ತ ಬಹಾರ್. ಬಹಾರ್ ಅಂದರೆ ಪಾರ್ಸಿಯಲ್ಲಿ ವಸಂತ. ಗಿಡದ ಜತೆ ಮಾತೂ ಬಂದಿದೆ ನೋಡಿ :-)

ನಮ್ಮ ತೋಟಗಳ ಕಥೆಗೆ ಒಂದು ಇಸವಿ ಇದೆ, 1936. ಪುಣೆಯ ಗಣೇಶಖಿಂಡದ ಹಣ್ಣಿನ ಪ್ರಯೋಗ ಕೇಂದ್ರದಲ್ಲಿ ಡಾ. ಜಿ. ಎಸ್. ಚೀಮಾ ಅವರು ಆಳಂದಿ ತಳಿಯ ಸಸಿಗಳಲ್ಲಿ ಮೆತ್ತನೆ ಬೀಜದ ಒಂದನ್ನು ಆರಿಸಿದರು. 1970ರಲ್ಲಿ ಅದಕ್ಕೆ 'ಗಣೇಶ್' ಅಂತ ಹೆಸರಾಯಿತು. ಆಮೇಲೆ ರಾಹುರಿ ಕೃಷಿ ವಿಶ್ವವಿದ್ಯಾಲಯದಿಂದ ಬಂದ 'ಭಗವಾ' (ನಮ್ಮ ಕಡೆ 'ಕೇಸರ್') ಅದರದೇ ವಂಶ. ಬೋರ್‌ವೆಲ್, ಡ್ರಿಪ್ ಬಂದ ಮೇಲೆ ಈ ತಳಿಗಳು ನಮ್ಮ ಎರೆ, ಮಸಾರಿಗೂ ಬಂದವು.

ಬೀಜ ಬಿತ್ತಿದರೆ ತಾಯಿಯ ಗುಣ ಬರುತ್ತದೆಂಬ ಖಾತ್ರಿ ಇಲ್ಲ. ಹಾಗಾಗಿ ಗೂಟಿ ಕಟ್ಟಿಯೋ ಕಡ್ಡಿ ನೆಟ್ಟೋ ಸಸಿ ಮಾಡುತ್ತಾರೆ. ಅಂದರೆ ಸಾವಿರಾರು ಎಕರೆಯಲ್ಲಿ ಒಂದೇ ಗಿಡದ ಕಾಪಿ-ಪೇಸ್ಟ್. ನಮ್ಮ ವೃತ್ತಿಯವರಿಗೆ ಮುಂದಿನದು ಗೊತ್ತೇ ಇದೆ: ಒಂದು ಕಡೆ ಇರುವ ತಪ್ಪು ಎಲ್ಲ ಕಡೆಯೂ ಇರುತ್ತದೆ.

ದುಂಡಾಣು ಅಂಗಮಾರಿ ರೋಗ ದೆಹಲಿಯಲ್ಲಿ ವರದಿಯಾದದ್ದು 1952ರಲ್ಲೇ. ದಶಕಗಟ್ಟಲೆ ಯಾರೂ ದೊಡ್ಡದಾಗಿ ಲೆಕ್ಕಿಸಲಿಲ್ಲ. ರೋಗ ಸಸಿಯೊಳಗೇ ಅಡಗಿ ಊರಿಂದೂರಿಗೆ ಹೋಗುತ್ತದೆ. ಆಮೇಲೆ ಸವರುವ ಕತ್ತರಿಯಿಂದ, ಮಳೆಹನಿಯ ಸಿಡಿತದಿಂದ ಗಿಡದಿಂದ ಗಿಡಕ್ಕೆ. ನಮ್ಮ ಹೊಲಕ್ಕೆ ಬಂದಾಗ 2007, ನಾನು ನಾಲ್ಕನೇ ಕ್ಲಾಸು. ಹಣ್ಣಿನ ಮೇಲೆ ಎಣ್ಣೆ ಬಿದ್ದಂಥ ಕಲೆ, ಅದು ಕಪ್ಪಾಗಿ ಹಣ್ಣು ಬಾಯಿಬಿಡುತ್ತಿತ್ತು. ಮೋಡ ಕಂಡರೆ ಊರೆಲ್ಲ ಖುಷಿಪಡುವ ಸೀಮೆ ನಮ್ಮದು. ಆ ವರ್ಷ ಅಪ್ಪ ಕಟ್ಟೆ ಮೇಲೆ ಕೂತು, "ಮಳಿ ಬಂದ್ರ ಅಂಜಿಕಿ ಬರಾಕ್ಹತ್ತೈತಿ ನೋಡಪಾ" ಅಂದದ್ದು ಇನ್ನೂ ಕಿವಿಯಲ್ಲಿದೆ.

ಗಿಡ ಕಿತ್ತೆವು. ಒಂದು ವರ್ಷ ಒಲೆಗೆ ಅದೇ ಕಟ್ಟಿಗೆ. ಸಾಲ ಮಾತ್ರ ಬೇರು ಬಿಟ್ಟಿತ್ತು. ಕೊನೇ ಕಂತು ಕಟ್ಟಿದ್ದು ನನ್ನ ಮೊದಲ ವರ್ಷದ ಸಂಬಳದಲ್ಲಿ.

ಸೊಲ್ಲಾಪುರದಲ್ಲಿ 2005ರಲ್ಲೇ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರ ಶುರುವಾಗಿತ್ತು. ರೋಗವನ್ನು ಬುಡಸಮೇತ ಕೀಳುವ ಔಷಧಿ ಇವತ್ತಿಗೂ ಇಲ್ಲ. ಅಂಗಾಂಶ ಕೃಷಿಯ ಸಸಿ (ಅದೂ ಕಾಪಿಯೇ, ಆದರೆ ರೋಗವಿಲ್ಲದ್ದು), ಪ್ರತಿ ಗಿಡಕ್ಕೂ ತೊಳೆದ ಕತ್ತರಿ, ಗಿಡಕ್ಕೆ ವಿಶ್ರಾಂತಿ, ಮಳೆಗಾಲ ತಪ್ಪಿಸುವ ಹಸ್ತ ಬಹಾರ್... ಇಷ್ಟರಲ್ಲೇ ಸಂಭಾಳಿಸಬೇಕು.

ಅಣ್ಣ ಮತ್ತೆ ಎರಡೆಕರೆ ಹಾಕಿದ್ದಾನೆ. ಅಪ್ಪ ಬೇಡ ಅಂದರೂ ಕೇಳಲಿಲ್ಲ. ನಿನ್ನೆ ರಾತ್ರಿ ಫೋನು: "ನೀರು ಬಿಡಾಕ ಶುರು ಮಾಡೀವಿ, ಈ ವಾರ ಮಳಿ ಐತೇನು ನೋಡಿ ಹೇಳು." ನೋಡಿದೆ. ಶನಿವಾರಕ್ಕೆ ಮೋಡ ತೋರಿಸುತ್ತಿದೆ.